ಸಿಲ್ವರ್ ಡಾಲರ್ ಮೀನಿನ ಚೀಟಿ

ಅತ್ತಿಗುಪ್ಪೆ
12 ಜುಲೈ 2025

ಸ್ಪಂದನ,

ನಿನ್ನ ಕಾಗದ ಸೋಮವಾರ ನಮ್ಮ ಅಕ್ವೇರಿಯಂ ಅಂಗಡಿಗೆ ಬಂತು. ಕೃಷ್ಣಪ್ಪ ಸಾರ್ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಏನಮ್ಮಾ ಗುರುದೇವಿ, ಈ ಕಾಲದಲ್ಲಿ ಪೋಸ್ಟಲ್ಲಿ ಬರೋದು ಕೋರ್ಟ್ ನೋಟಿಸ್ ಒಂದೇ. ಏನ್ ಮಾಡ್ಕೊಂಡಿದೀಯ?" ಎಂದರು. ನಾನು ಸ್ಮಾರ್ಟ್‌ಫೋನ್ ಬಿಟ್ಟು ಎಂಟು ತಿಂಗಳಾಯಿತು. ಗೆಳತಿಗೆ ಹೇಳುವ ಮಾತು ಯಾವ ಕಂಪನಿಯ ಸರಕೂ ಆಗಬಾರದು ಎಂದು ತಿಳಿಸಲು ಅವರಿಗೆ ಮೂರು ಕಿರುಹೊತ್ತಿಗೆ ಕೊಟ್ಟಿದ್ದೆ. ಅವುಗಳ ಮೇಲೆ ಮೀನಿನ ತೊಟ್ಟಿಯ ಗಾಳಿ ಪಂಪ್ ಇಟ್ಟಿದ್ದಾರೆ. ಸದ್ದು ಕಡಿಮೆ ಬರುತ್ತದಂತೆ.

ನಾವಿಬ್ಬರೂ ಬರೆದ 'ಮೀನಿಗೆ ಸುಳ್ಳು ಹೆಸರು ಬೇಡ' ಪುಸ್ತಕವನ್ನು ಮಾತ್ರ ಪಂಪಿನ ಕೆಳಗೆ ಹೋಗಲು ಬಿಟ್ಟಿಲ್ಲ. ನಿನ್ನೆ ಒಂದು ಕಟ್ಟು ಹಿಡಿದು ಮಾಗಡಿ ರಸ್ತೆಗೆ ಹೋದೆ. ಮೀನಂಗಡಿಯ ದೊಡ್ಡಹನುಮಯ್ಯನವರು ಎಂದಿನಂತೆ ರೂಪ್‌ಚಂದನ್ನು ಪಾಂಫ್ರೆಟ್ ಎಂದು ಕೂಗಿ ಮಾರುತ್ತಿದ್ದರು. ಒಂದನ್ನು ಎತ್ತಿ ಅದರ ಹೊಟ್ಟೆಯ ಅಂಚನ್ನು ಗಿರಾಕಿಗಳ ಬೆರಳಿಗೆ ಮುಟ್ಟಿಸಿದೆ. "ನೋಡಿ, ಗರಗಸದ ಹಾಗೆ ಚುಚ್ಚುತ್ತದೆ. ಸಮುದ್ರದ ಪಾಂಫ್ರೆಟ್‌ಗೆ ಇದಿಲ್ಲ. ಇದು ದಕ್ಷಿಣ ಅಮೆರಿಕದ ನದಿಗಳ ಪಾಕು. ಇಲ್ಲಿ ಹೊಂಡಗಳಲ್ಲಿ ಸಾಕುತ್ತಾರೆ" ಎಂದೆ.

"ಬಂದ್ರಪ್ಪಾ, ಮೀನಿಗೆ ಜಾತಿ ಸರ್ಟಿಫಿಕೇಟ್ ಕೊಡೋ ತಹಸೀಲ್ದಾರ್ರು!" ಎಂದರು ದೊಡ್ಡಹನುಮಯ್ಯ. "ಅಲ್ಲ ಕಣವ್ವಾ, ಜನ ಹೆಸರು ತಿಂತಾರಾ, ಮೀನು ತಿಂತಾರಾ?"

"ಸುಳ್ಳು ಹೆಸರು ಹೇಳಿ ಮಾರೋದು ಕಳ್ಳತನ ಅಣ್ಣಾ" ಎಂದೆ, ಎಲ್ಲರ ಎದುರಿಗೆ. ಅವರ ಮುಖ ಇಳಿಯಿತು. ನೀನಿದ್ದಿದ್ದರೆ ನನ್ನ ತೋಳು ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ನೀನಿರಲಿಲ್ಲ. ಹಾಗಾಗಿ ಪೂರ್ತಿ ಹೇಳಿಯೇ ಬಂದೆ.

ಒಂದು ಸಂಗತಿ ನೆನಪಿಸುತ್ತೇನೆ. ಮೂರು ವರ್ಷದ ಹಿಂದೆ 'ಕೆಂಗೇರಿ ಕೆರೆಯಲ್ಲಿ ಪಿರಾನ್ಹಾ' ಎಂಬ ವಿಡಿಯೋ ಹಬ್ಬಿದಾಗ ನೀನು ಸತ್ತ ಮೀನೊಂದನ್ನು ಕವರಿನಲ್ಲಿ ಹಿಡಿದು ನಮ್ಮ ಅಂಗಡಿಗೆ ಬಂದೆ. ನೀನು ರಾಜಾಜಿನಗರದಲ್ಲಿ ಬಿಎಸ್ಸಿ ಓದುತ್ತಿದ್ದವಳು, ನಾನು ಮಸ್ಕಿಯಿಂದ ಬಂದು ಗಾಜಿನ ತೊಟ್ಟಿ ತೊಳೆಯುತ್ತಿದ್ದವಳು. ಅದರ ಬಾಯಿ ಬಿಡಿಸಿ ಹಲ್ಲು ತೋರಿಸಿದವಳು ನಾನು. ಪಿರಾನ್ಹಾದ ಹಲ್ಲು ಬ್ಲೇಡು, ಇದರದ್ದು ನಮ್ಮ ದವಡೆ ಹಲ್ಲಿನ ಹಾಗೆ ಮೊಂಡು. ಇದು ರೂಪ್‌ಚಂದ್ ಎಂದೆ. ನೀನು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಯಾರೂ ಅಲ್ಲಿಯವರೆಗೆ ನನ್ನನ್ನು ಹಾಗೆ ನೋಡಿರಲಿಲ್ಲ.

ಇದನ್ನು ಯಾಕೆ ನೆನಪಿಸುತ್ತಿದ್ದೇನೆ ಎಂದರೆ, ನಿನ್ನ ಎರಡು ಹಾಳೆಯ ಕಾಗದದಲ್ಲಿ ಅಲಮೇಲು ಎಂಬ ಹೆಸರು ಏಳು ಸಲ ಬಂದಿದೆ. ನನ್ನ ಹೆಸರು ಮೇಲೆ ಒಂದು ಸಲ, ಅದೂ ಸಂಬೋಧನೆಗೆ.

ಎರಡನೇ ಮುದ್ರಣದ ತಿದ್ದುಪಡಿ ಕಳಿಸು.

ನಿನ್ನ,
ಗುರುದೇವಿ


ಕೊಚ್ಚಿ
3 ಆಗಸ್ಟ್ 2025

ದೇವಿ,

ಏಳು ಸಲ ಅಂತ ಎಣಿಸಿದೀಯಲ್ಲ, ನಿನ್ನ ಎಣಿಕೆ ಚಟ ಹೋಗಲ್ಲ ಕಣೇ! ಮೀನಿನ ಗರಗಸದ ಹಲ್ಲು ಎಣಿಸಿ ಎಣಿಸಿ ಈಗ ನನ್ನ ಕಾಗದಾನೂ ಎಣಿಸ್ತಾ ಇದೀಯ. ಇಲ್ಲಿ ನಮ್ಮ ಮೀನಿನ ಲ್ಯಾಬಲ್ಲಿ ಕನ್ನಡ ಮಾತಾಡೋಕೆ ಇರೋಳು ಅವಳೊಬ್ಬಳೇ. ನಮ್ಮ ರಾಜಾಜಿನಗರದ ಪ್ರಕಾಶನಗರದವಳು. ಮನೇಲಿ ತಮಿಳು, ಬೀದೀಲಿ ಕನ್ನಡ. ಅದಕ್ಕೇ ಹೆಸರು ಬರುತ್ತೆ, ಅಷ್ಟೇ.

ತಿದ್ದುಪಡಿ ಕೇಳಿದೆಯಲ್ಲ. ಕೋಪ ಮಾಡ್ಕೋಬೇಡ, ಎಂಟನೇ ಪುಟ ಬದಲಾಯಿಸ್ಬೇಕು. ನಾವು ಪಾಕು ಕುಟುಂಬವನ್ನ ಎರಡು ಭಾಗ ಮಾಡಿದ್ವಿ. ಸೊಪ್ಪು, ಹಣ್ಣು ತಿನ್ನೋವು ಒಂದು ಕಡೆ, ಮಾಂಸ ತಿನ್ನೋವು ಇನ್ನೊಂದು ಕಡೆ. ಅದು ತಪ್ಪು. ಈ ಮೀನುಗಳ ವಂಶವಾಹಿ ಹೋಲಿಸಿ ನೋಡಿದವರು ಮೂರು ಕವಲು ಅಂತಾರೆ. ಮೊದಲನೇದು ದೊಡ್ಡ ಪಾಕುಗಳದ್ದು, ನಮ್ಮ ರೂಪ್‌ಚಂದ್ ಅದರಲ್ಲೇ. ಎರಡನೇದು ಹೆಚ್ಚಾಗಿ ಬಂಡೆ ಮೇಲೆ ರಭಸವಾಗಿ ಹರಿಯೋ ನೀರಲ್ಲಿರೋ ಪಾಕುಗಳದ್ದು. ಮೂರನೇದು ಪಿರಾನ್ಹಾಗಳದ್ದು. ಮಜಾ ಏನು ಗೊತ್ತಾ? ನಿಮ್ಮ ತೊಟ್ಟೀಲಿ ಪಾಪದ ಹಾಗೆ ಎಲೆ ಮೇಯ್ಕೊಂಡಿರೋ ಸಿಲ್ವರ್ ಡಾಲರ್ ಮೀನು ಕೂತಿರೋದು ಆ ಮೂರನೇ ಮನೇಲಿ! ರೂಪ್‌ಚಂದ್‌ಗಿಂತ ಪಿರಾನ್ಹಾನೇ ಅದಕ್ಕೆ ಹತ್ತಿರದ ನೆಂಟ. ಏನು ತಿಂತಾವೆ ಅನ್ನೋದರ ಮೇಲೆ ಸಂಬಂಧ ಹೇಳೋಕಾಗಲ್ಲ.

ಅಲಮೇಲು ನಮ್ಮ ಪುಸ್ತಕ ಓದಿದ ತಕ್ಷಣ ಎಂಟನೇ ಪುಟಕ್ಕೆ ಬೆರಳಿಟ್ಟಳು. ನಂಗೂ ನಾಚಿಕೆ ಆಯ್ತು. (ಇದನ್ನೂ ಎಣಿಸ್ಕೋ.)

ಅಂಗಡೀಲಿ ಸತ್ತ ಮೀನು ಬಿಸಾಕಬೇಡ, ನಾನು ಕಲಿಸಿದ ಹಾಗೆ ಕಾಪಾಡಿ ಕಳಿಸು. ನಿನ್ನ ಚೀಟಿ ಇರೋ ಮೀನು ಅಂದ್ರೆ ನಂಗೆ ಬೇರೆ ಸಾಕ್ಷಿ ಬೇಡ.

ನಿನ್ನ,
ಸ್ಪಂದನ


ಅತ್ತಿಗುಪ್ಪೆ
14 ಆಗಸ್ಟ್ 2025

ಸ್ಪಂದನ,

ಎಂಟನೇ ಪುಟ ಬರೆದವಳು ನಾನು. ನೀನು ಅದನ್ನು ಓದಲು ಅವಳಿಗೆ ಕೊಟ್ಟೆ, ಅವಳು ಬೆರಳಿಟ್ಟಳು, ನೀನು ನಾಚಿಕೊಂಡೆ. ನಾನು ಅಲ್ಲಿರಲಿಲ್ಲ.

ಯಾರು ಏನು ತಿನ್ನುತ್ತಾರೆ ಎಂಬುದೇ ಯಾರು ಯಾರ ಕಡೆ ಎಂಬುದನ್ನು ಹೇಳುತ್ತದೆ. ನಾನು ಓದಿದ ಒಂದೊಂದು ಕಿರುಹೊತ್ತಿಗೆಯೂ ಇದನ್ನೇ ಹೇಳಿದೆ. ನಾನು ದಿನಾ ಬೆಳಗ್ಗೆ ಸ್ಟವ್ ಮೇಲೆ ಪಾಲಕ್ ಬೇಯಿಸಿ ನಮ್ಮ ಸಿಲ್ವರ್ ಡಾಲರ್‌ಗಳಿಗೆ ಹಾಕುತ್ತೇನೆ. ಹನ್ನೊಂದಿವೆ. ಕೈಯಿಂದಲೇ ತಿನ್ನುತ್ತವೆ. ಇವುಗಳನ್ನು ಪಿರಾನ್ಹಾದ ನೆಂಟರು ಎನ್ನಲು ಕೊಚ್ಚಿಯಲ್ಲಿ ಕುಳಿತ ಪ್ರಕಾಶನಗರದವಳು ಬೇಕಾಯಿತೇ? ಅವಳು ಒಂದಕ್ಕಾದರೂ ಊಟ ಹಾಕಿದ್ದಾಳೆಯೇ?

ಪಿರಾನ್ಹಾ ಕವಲಿನಲ್ಲೇ ಬೇರೆ ಮೀನಿನ ಮೈಮೇಲಿನ ಚಿಪ್ಪನ್ನು ಮಾತ್ರ ಕಿತ್ತು ತಿನ್ನುವ ಮೀನೊಂದಿದೆ ಎಂದು ನೀನು ಒಮ್ಮೆ ಹೇಳಿದ್ದೆ. ಕೊಲ್ಲುವುದಿಲ್ಲ, ಒಂದೊಂದೇ ಚಿಪ್ಪು ಕಿತ್ತುಕೊಂಡು ಹೋಗುತ್ತದೆ. ಅಂಥದ್ದು ಯಾವ ಊರಿನಲ್ಲಿ ಸಿಗುತ್ತದೆ ಎಂದು ಈಗ ನನಗೆ ಗೊತ್ತು.

ನಾವಿಬ್ಬರೇ ಬರೆದ ಪುಸ್ತಕ ಅದು. ಎರಡನೇ ಮುದ್ರಣದಲ್ಲಿ ಮೂರನೆಯವರ ಹೆಸರು ಬರುವುದಾದರೆ ನನ್ನದನ್ನು ತೆಗೆದುಬಿಡು.

ಗುರುದೇವಿ


ಕೊಚ್ಚಿ
20 ಸೆಪ್ಟೆಂಬರ್ 2025

ದೇವಿ,

ತಡ ಮಾಡಿದೆ. ಬೇಕಂತಲೇ. ನಿನ್ನ ಕಾಗದ ಓದಿದ ದಿನ ಉತ್ತರ ಬರೆದಿದ್ರೆ ಇಬ್ಬರಿಗೂ ಒಳ್ಳೇದಾಗ್ತಿರಲಿಲ್ಲ.

ಅವಳ ಹೆಸರು ಪುಸ್ತಕದಲ್ಲಿ ಬರಲ್ಲ. ಅವಳೇ ಬೇಡ ಅಂದಳು. ನೀನು ಅವಳನ್ನ ಚಿಪ್ಪು ತಿನ್ನೋ ಮೀನು ಅಂದಿದ್ದನ್ನ ಓದಿ ಹೇಳಿದೆ. ಬಿದ್ದೂ ಬಿದ್ದೂ ನಕ್ಕು, "ಯಾರಮ್ಮಾ ಇದು, ಇಷ್ಟು ಚೆನ್ನಾಗಿ ಬೈತಾರೆ" ಅಂದಳು.

ಈಗ ಕೆಲಸದ ವಿಷಯ. ನಮ್ಮ ಮೇಡಂ ಕೆರೆಗಳಿಗೆ ಸೇರಿಕೊಂಡಿರೋ ಅಕ್ವೇರಿಯಂ ಮೀನುಗಳ ಸಮೀಕ್ಷೆ ಶುರು ಮಾಡ್ತಿದಾರೆ. ರೂಪ್‌ಚಂದ್ ಎಲ್ಲಾ ಕಡೆ ಇದೆ, ಅದು ಹೊಸದಲ್ಲ. ಅದೇ ಕುಟುಂಬದ ಬೇರೊಂದು ಮೀನು ಬೆಂಗಳೂರಿನ ಕೆರೇಲಿ ಸಿಕ್ಕಿದ್ದಕ್ಕೆ ಸರಿಯಾದ ಮಾದರಿ ಒಂದಾದರೂ ಬಂದ್ರೆ ಡಿಸೆಂಬರ್‌ನಲ್ಲಿ ಮೂರು ವಾರ ಅಲ್ಲಿಗೆ ಕಳಿಸ್ತಾರೆ. ಬರದಿದ್ರೆ ಇಲ್ಲೇ ಹಿನ್ನೀರಲ್ಲಿ ಕೆಲಸ, ನಾನು ಮುಂದಿನ ಬೇಸಿಗೆವರೆಗೂ ಬರೋದು ಅನುಮಾನ.

ಹಾಗಂತ ನೀನು ತಲೆ ಕೆಡಿಸ್ಕೋಬೇಡ. ಸುಮ್ನೆ ಹೇಳಿದೆ.

ಸ್ಪಂದನ


ಅತ್ತಿಗುಪ್ಪೆ
6 ಅಕ್ಟೋಬರ್ 2025

ಪ್ರೀತಿಯ ಸ್ಪಂದನ,

ಕೊರಿಯರ್‌ನಲ್ಲಿ ಒಂದು ಮೀನು ಕಳಿಸಿದ್ದೇನೆ. ಸಿಲ್ವರ್ ಡಾಲರ್, ಹನ್ನೊಂದು ಸೆಂಟಿಮೀಟರ್. ಬೆನ್ನಿನ ಹಿಂಭಾಗದ ಕೊಬ್ಬಿನ ರೆಕ್ಕೆ ಉದ್ದವಾಗಿದೆ, ರೂಪ್‌ಚಂದ್ ಅಲ್ಲ ಎಂದು ನೋಡಿದರೆ ನಿನಗೇ ತಿಳಿಯುತ್ತದೆ. ನೀನು ಕಲಿಸಿದಂತೆ ಕೊಳೆಯದಿರಲು ಹೊಟ್ಟೆಗೆ ಫಾರ್ಮಲಿನ್ ಚುಚ್ಚಿದ್ದೇನೆ. ಅಳತೆಗೆ, ಫೋಟೋಗೆ ಬೇಕಾದ ಎಡಗಡೆಗೆ ಸೂಜಿ ಸೋಕಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಮೂರು ಕವರ್ ಹಾಕಿದ್ದೇನೆ. ಎಲ್ಲಿ, ಯಾವತ್ತು ಸಿಕ್ಕಿತು ಎಂಬ ಚೀಟಿಯನ್ನು ದ್ರವದಲ್ಲಿ ಅಳಿಸದಂತೆ ಪೆನ್ಸಿಲಿನಲ್ಲೇ ಬರೆದಿದ್ದೇನೆ.

ನಿನ್ನೆ ಭಾನುವಾರ ಬೆಳಗ್ಗೆ ಕೆಂಗೇರಿ ಕೆರೆಗೆ ಹೋಗಿದ್ದೆ. ಬಿಸಿಲು ಇನ್ನೂ ಏರಿರಲಿಲ್ಲ. ಗಾಳ ಹಾಕುವ ಒಬ್ಬರ ಬಕೆಟ್ಟಿನಲ್ಲಿ ಇದು ಸಿಕ್ಕಿತು. ಅವರು ನೀಲಿ ಚೆಕ್ಸ್ ಅಂಗಿ ಹಾಕಿದ್ದರು. ಊರು ಕೇಳಿದೆ, ಹೇಳಲಿಲ್ಲ.

ಡಿಸೆಂಬರ್‌ನಲ್ಲಿ ಬಾ. ಗೋವಿಂದರಾಜನಗರದ ನನ್ನ ರೂಮಿನಲ್ಲಿ ಇಬ್ಬರಿಗೆ ಜಾಗ ಸಾಕು.

ನಿನ್ನವಳೇ,
ಗುರುದೇವಿ


ಕೊಚ್ಚಿ
25 ಅಕ್ಟೋಬರ್ 2025

ದೇವಿ ದೇವಿ ದೇವಿ!

ನೋಡು, ಮೂರು ಸಲ ಬರೆದೆ. ಮೀನು ತಲುಪ್ತು. ಮೇಡಂ ಕನ್ನಡಕ ಹಣೆಗೇರಿಸಿ ಅರ್ಧ ಗಂಟೆ ನೋಡಿದ್ರು. "ಕೆರೇದು ಅಂತ ಖಾತ್ರೀನಾ?" ಅಂದ್ರು. "ಚೀಟಿ ಬರೆದಿರೋದು ಗುರುದೇವಿ. ಮೀನಂಗಡಿಯವರಿಗೇ ಸುಳ್ಳು ಹೇಳೋಕೆ ಬಿಡದವಳು" ಅಂದೆ. ನಮ್ಮ ಮಾಗಡಿ ರಸ್ತೆ ಕಥೆ ಎಲ್ಲಾ ಹೇಳಿದೆ. ಒಪ್ಪಿದ್ರು. ಮೀನನ್ನೂ ಚೀಟಿಯನ್ನೂ ಇಟ್ಟ ಬಾಟಲಿಗೆ ಸಂಗ್ರಹದ ನಂಬರ್ ಬಿತ್ತು. ನವೆಂಬರ್ ಕೊನೇಲಿ ಚೆನ್ನೈನಲ್ಲಿ ಒಂದು ಸಭೆ ಇದೆ, ಅಲ್ಲಿ ಇದರ ಬಗ್ಗೆ ನಾನೇ ಮಾತಾಡ್ಬೇಕಂತೆ. ನನ್ನ ಮೊದಲನೇ ಭಾಷಣ! ನಿನ್ನ ಹೆಸರು ತೆರೆ ಮೇಲೆ ಬರುತ್ತೆ, ಸಂಗ್ರಹಿಸಿದವರು ಅಂತ.

ಡಿಸೆಂಬರ್ 8ಕ್ಕೆ ಬರ್ತೀವಿ, ನಾನೂ ಅಲಮೇಲೂನೂ. ಮೀನಿನ ಹೊಟ್ಟೇಲಿ ಏನಿದೆ ಅಂತ ನೋಡೋ ಕೆಲಸ ಅವಳದ್ದು, ಅವಳಿಲ್ಲದೆ ಸಮೀಕ್ಷೆ ಆಗಲ್ಲ. ಕೆಂಗೇರೀಲಿ ನಮ್ಮಜ್ಜಿ ಅಕ್ಕಯ್ಯಮ್ಮನ ಮನೇಲಿ ಇಬ್ಬರೂ ಇರ್ತೀವಿ. ನೀನು ದಿನಾ ಅಲ್ಲಿಗೇ ಬಾ. ನೀವಿಬ್ಬರೂ ಮುಖಾಮುಖಿ ಆಗೋದು ನೋಡೋಕೆ ಟಿಕೆಟ್ ಇಡಬಹುದು.

ನಿನ್ನ,
ಸ್ಪಂದನ


ಕೊಚ್ಚಿ
3 ನವೆಂಬರ್ 2025

ಗುರುದೇವಿ ಅವರಿಗೆ,

ನಮಸ್ಕಾರ. ನಾನು ಅಲಮೇಲು. ನಾನು ಬರೆಯುವುದು ನಿಮಗೆ ಇಷ್ಟವಾಗುವುದಿಲ್ಲ ಎಂದು ಗೊತ್ತು. ಸ್ಪಂದನಗೆ ಇದು ಗೊತ್ತಿಲ್ಲ.

ಶನಿವಾರ ನಿಮ್ಮ ಮೀನಿನ ಹೊಟ್ಟೆಯನ್ನು ಬಲಗಡೆಯಿಂದ ಬಿಡಿಸಿದೆ. ನೀವು ಫಾರ್ಮಲಿನ್ ಎಷ್ಟು ಸರಿಯಾಗಿ ಚುಚ್ಚಿದ್ದೀರಿ ಎಂದರೆ, ಒಳಗಿರುವುದೆಲ್ಲ ಈಗ ತಾನೇ ನುಂಗಿದ ಹಾಗಿದೆ. ಇಷ್ಟು ಚೆನ್ನಾಗಿ ಮೀನು ಕಾಪಾಡುವವರು ನಮ್ಮ ಲ್ಯಾಬಿನಲ್ಲೂ ಇಲ್ಲ. ಒಳಗೆ ಅಕ್ವೇರಿಯಂ ಅಂಗಡಿಯ ಕೆಂಪು ಹಸಿರು ಗುಳಿಗೆಗಳಿವೆ. ಜೊತೆಗೆ ಪಾಲಕ್ ಸೊಪ್ಪು, ದಂಟು ತೆಗೆದು ಬೇಯಿಸಿದ್ದು. ಕೆಂಗೇರಿ ಕೆರೆಯಲ್ಲಿ ಮೀನಿಗೆ ಯಾರೂ ಪಾಲಕ್ ಬೇಯಿಸಿ ಹಾಕುವುದಿಲ್ಲ.

ನಾನಿನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಲ್ಲ. ಹದಿನೈದನೇ ತಾರೀಕಿನೊಳಗೆ ಬರೆಯಲೇಬೇಕು. ಅಷ್ಟರಲ್ಲಿ ನೀವೇ ಸ್ಪಂದನಗೆ ಹೇಳಿ. ಅವಳು ಮಾತಾಡುವಾಗ ಸಭೆಯಲ್ಲಿ ಯಾರಾದರೂ ಎದ್ದು ಕೇಳಿದರೆ ಹೋಗುವುದು ಅವಳ ಹೆಸರು, ನಿಮ್ಮದಲ್ಲ. ಅವಳಿಗೆ ಇದು ನನ್ನಿಂದ ತಿಳಿಯಬಾರದು. ನನ್ನಿಂದ ತಿಳಿದರೆ ಅವಳು ನಿಮ್ಮನ್ನು ಪೂರ್ತಿ ಬಿಟ್ಟುಬಿಡುತ್ತಾಳೆ. ಅದು ನನಗೆ ಬೇಕಿಲ್ಲ.

ಇಂತಿ,
ಅಲಮೇಲು


ಗೋವಿಂದರಾಜನಗರ
7 ನವೆಂಬರ್ 2025

ಸ್ಪಂದನ,

ಆ ಮೀನು ಕೆರೆಯದಲ್ಲ. ನಮ್ಮ ಅಂಗಡಿಯ ತೊಟ್ಟಿಯದು. ಅಕ್ಟೋಬರ್ 4ರ ಬೆಳಗ್ಗೆ ಪಾಲಕ್ ತಿಂದಿತು, ಮಧ್ಯಾಹ್ನಕ್ಕೆ ಮಗುಚಿ ತೇಲುತ್ತಿತ್ತು. ನೀಲಿ ಅಂಗಿಯವರು ಯಾರೂ ಇಲ್ಲ. ನಾನು ಆ ಭಾನುವಾರ ಕೆಂಗೇರಿಗೆ ಹೋಗಿರಲೇ ಇಲ್ಲ. ಈ ಪೆನ್ಸಿಲನ್ನೇ ಹಿಡಿದು ರೂಮಿನಲ್ಲಿ ಕುಳಿತಿದ್ದೆ.

ಇದನ್ನು ನಾನಾಗಿ ಹೇಳುತ್ತಿಲ್ಲ. ಅಲಮೇಲು ಹೊಟ್ಟೆ ಬಿಡಿಸಿ ನೋಡಿ ನನಗೆ ಬರೆದಳು, ನೀನೇ ಹೇಳು ಎಂದು ಗಡುವು ಕೊಟ್ಟಳು. ಅವಳು ನಿನಗೆ ಹೇಳಿಲ್ಲ. ಅವಳ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ. ಅವಳು ಕೆಟ್ಟದ್ದೇನಾದರೂ ಬರೆದಿದ್ದಾಳೆಯೇ ಎಂದು ಇಪ್ಪತ್ತು ಸಲ ಓದಿದೆ. ಒಂದು ಪದವೂ ಇಲ್ಲ. ಅದಕ್ಕೂ ಅವಳ ಮೇಲೆ ಕೋಪ ಬಂತು.

ನೀನು ಬರಬೇಕಿತ್ತು, ಅಷ್ಟೇ. ನೀನು ಅವಳಿಲ್ಲದೆ ಮೂರು ವಾರ ಇಲ್ಲಿರುತ್ತೀಯ, ಎಂಟನೇ ಪುಟ ಮತ್ತೆ ನಮ್ಮಿಬ್ಬರದ್ದಾಗುತ್ತದೆ ಎಂದುಕೊಂಡೆ. ಚೀಟಿಯನ್ನು ಒಂದೇ ಸಲಕ್ಕೆ ಬರೆದು ಮುಗಿಸಿದೆ. ಅಷ್ಟು ಸುಲಭವಾಗಿತ್ತು. ಮೇಡಂ ಎದುರಿಗೆ ನೀನು ನನ್ನ ಪರವಾಗಿ ಹೇಳಿದ್ದನ್ನು ಓದಿದ ದಿನವೇ ನಿಜ ಬರೆಯಬೇಕಿತ್ತು. ಆದರೆ ಅದೇ ಕಾಗದದಲ್ಲಿ 'ನಾನೂ ಅಲಮೇಲೂನೂ' ಎಂದಿತ್ತು. ಬರೆಯಲಿಲ್ಲ.

ನಿನ್ನೆ ಮಾಗಡಿ ರಸ್ತೆಯಲ್ಲಿ ದೊಡ್ಡಹನುಮಯ್ಯನವರು ಕೂಗಿ ಕರೆದರು. "ನೋಡವ್ವಾ, ನಿನ್ನ ಕಾಟಕ್ಕೆ ಬರೆಸಿಬಿಟ್ಟೆ" ಎಂದು ಹಲಗೆ ತೋರಿಸಿದರು. ಸೀಮೆಸುಣ್ಣದಲ್ಲಿ 'ರೂಪ್‌ಚಂದ್, ಹೊಂಡದ ಮೀನು' ಎಂದಿತ್ತು. "ಗಿರಾಕಿ ಸ್ವಲ್ಪ ಕಮ್ಮಿಯಾದ್ರು. ಆಗ್ಲಿ ಬಿಡು, ಕಳ್ಳ ಅನ್ನಿಸ್ಕೊಳೋದು ತಪ್ತು. ಯಾಕೆ, ಖುಷಿಯಾಗ್ಲಿಲ್ವಾ?" ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಎಲೆ ತಿನ್ನುವ ಮೀನು ಪಿರಾನ್ಹಾಗಳ ಮನೆಯಲ್ಲಿ ಹುಟ್ಟಬಹುದು ಎಂದು ಈಗ ಒಪ್ಪುತ್ತೇನೆ. ಎಂಟನೇ ಪುಟವನ್ನು ಅವಳು ಹೇಳಿದಂತೆ ತಿದ್ದು.

ಸಭೆಯಲ್ಲಿ ಮಾತಾಡಬೇಡ. ಮೇಡಂಗೆ ನನ್ನ ಈ ಕಾಗದವನ್ನೇ ತೋರಿಸು.

ಗುರುದೇವಿ


ಕೊಚ್ಚಿ
24 ನವೆಂಬರ್ 2025

ಗುರುದೇವಿ,

ಮೇಡಂಗೆ ನಿನ್ನ ಕಾಗದ ತೋರಿಸಿದೆ. ಸಭೆಯಿಂದ ಹೆಸರು ವಾಪಸ್ ತಗೊಂಡ್ವಿ. ಸಮೀಕ್ಷೆ ಬೆಂಗಳೂರಲ್ಲಿ ನಡೆಯಲ್ಲ. ನಾನು ಡಿಸೆಂಬರ್‌ನಲ್ಲಿ ಬರ್ತಿಲ್ಲ. ಅಲಮೇಲು ಕೂಡ ಈ ವರ್ಷ ಅವಳಮ್ಮನನ್ನ ನೋಡೋಕಾಗಲ್ಲ. ಅವಳು ಅದನ್ನ ಒಂದು ಸಲಾನೂ ಬಾಯಿ ಬಿಟ್ಟು ಹೇಳಿಲ್ಲ, ನಾನೇ ಹೇಳ್ತಿದೀನಿ.

ನಿನ್ನ ಚೀಟಿಯನ್ನ ಬಾಟಲಿಯಿಂದ ತೆಗೆದು ಹಾಕ್ತಾರೆ ಅಂದ್ಕೊಂಡಿರ್ತೀಯ. ತೆಗೆಯಲ್ಲ. ಒಂದು ಸಲ ಒಳಗೆ ಹೋದ ಚೀಟಿ, ತಪ್ಪಾಗಲಿ ಸುಳ್ಳಾಗಲಿ, ಅಲ್ಲೇ ಇರುತ್ತೆ. ಅದು ಇಲ್ಲಿನ ನಿಯಮ. ಅದರ ಪಕ್ಕ ತಿದ್ದುಪಡಿ ಚೀಟಿ ಇನ್ನೊಂದು ಹಾಕ್ತಾರೆ. ಬರೆದವರು ಬದುಕಿದ್ದರೆ ಅವರೇ ಬರೀಬೇಕು. ಯಾವುದು ತಪ್ಪು, ಸರಿ ಏನು, ತಪ್ಪಿಗೆ ಕಾರಣ ಏನು, ಯಾರು ತಿದ್ದಿದ್ದು, ಯಾವತ್ತು. ಎರಡೂ ಚೀಟಿ ಮೀನಿನ ಜೊತೆ ಇರುತ್ತೆ, ನಾವಿಬ್ಬರೂ ಇಲ್ಲದ ಕಾಲಕ್ಕೂ.

ಖಾಲಿ ಚೀಟಿ ಇಟ್ಟಿದೀನಿ. ಒಂದೇ ಇದೆ, ಹಾಳು ಮಾಡಬೇಡ.

ಸ್ಪಂದನ


ಗೋವಿಂದರಾಜನಗರ
2 ಡಿಸೆಂಬರ್ 2025

ಸ್ಪಂದನ,

ಚೀಟಿ ಬರೆದು ಇದರೊಳಗಿಟ್ಟಿದ್ದೇನೆ. ಸ್ಥಳ, ದಿನಾಂಕ ಬರೆಯಲು ಒಂದು ನಿಮಿಷ ಹಿಡಿಯಿತು. ಕಾರಣದ ಸಾಲಿಗೆ ನಾಲ್ಕು ದಿನ ಬೇಕಾಯಿತು.

ಮೊದಲು ಬೇರೆ ಹಾಳೆಯಲ್ಲಿ ಬರೆದು ನೋಡಿದೆ. 'ಕಣ್ತಪ್ಪಿನಿಂದ' ಎಂದೆ. ಅದು ಎರಡನೇ ಸುಳ್ಳು. 'ಗೆಳತಿಯ ಮೇಲಿನ ಪ್ರೀತಿಯಿಂದ' ಎಂದೆ. ಅದು ಮೂರನೆಯದು, ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಓದಿದವರು ನನ್ನನ್ನು ಕ್ಷಮಿಸಿಬಿಡುತ್ತಾರೆ. ಕೊನೆಗೆ ಬರೆದದ್ದು ಹೀಗಿದೆ:

'ಸಿಲ್ವರ್ ಡಾಲರ್. ಹಿಂದಿನ ಚೀಟಿಯಲ್ಲಿ ಹೇಳಿದ ಸ್ಥಳ, ದಿನಾಂಕ ಎರಡೂ ಸುಳ್ಳು. ಸರಿಯಾದ ಸ್ಥಳ: ಅತ್ತಿಗುಪ್ಪೆ, ಅಕ್ವೇರಿಯಂ ಅಂಗಡಿಯ ತೊಟ್ಟಿ. ಸರಿಯಾದ ದಿನಾಂಕ: 4 ಅಕ್ಟೋಬರ್ 2025. ಕಾರಣ: ಹೊಟ್ಟೆಕಿಚ್ಚು. ತಪ್ಪು ಕಂಡುಹಿಡಿದವರು: ಅಲಮೇಲು. ತಿದ್ದಿದವರು: ಗುರುದೇವಿ, 2 ಡಿಸೆಂಬರ್ 2025.'

ಅವಳ ಹೆಸರನ್ನು ಎರಡು ಸಲ ಅಳಿಸಿ ಮತ್ತೆ ಬರೆದೆ. ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ. ಅವಳ ತಾಯಿಯ ಮನೆ ಪ್ರಕಾಶನಗರದಲ್ಲಿ ಎಲ್ಲಿ ಎಂದು ತಿಳಿಸು. ಹೋಗಿ, ಮಗಳು ಈ ವರ್ಷ ಯಾರಿಂದಾಗಿ ಬರಲಿಲ್ಲ ಎಂದು ನಾನೇ ಹೇಳುತ್ತೇನೆ. ಅವರು ಬೈದರೆ ಕೇಳಿಸಿಕೊಂಡು ಬರುತ್ತೇನೆ.

ನೀನು ಉತ್ತರ ಬರೆಯದಿದ್ದರೆ ಯಾಕೆಂದು ಕೇಳುವ ಹಕ್ಕು ನನಗಿಲ್ಲ. ಒಂದು ಮಾತ್ರ ಕೇಳುತ್ತೇನೆ. ಕೇಳಬಾರದು ಎಂದು ಗೊತ್ತಿದ್ದೂ ಕೇಳುತ್ತೇನೆ. ಈ ಚೀಟಿಯನ್ನು ಬಾಟಲಿಯೊಳಗೆ ಇಳಿಸುವ ಕೆಲಸ ಅವಳಿಗೆ ಕೊಡಬೇಡ. ನಿನ್ನ ಕೈಯಿಂದಲೇ ಹಾಕು.

ಗುರುದೇವಿ